ಹೊಲದ ಹಕ್ಕಿಗಳ ಎಣಿಕೆ: ರೈತರೂ ಪಾಲ್ಗೊಳ್ಳಿರಿ

ರೈತ ಬಾಂಧವರು ಮಳೆಯ ಲೆಕ್ಕ, ಖರ್ಚಿನ ಲೆಕ್ಕ, ಇಳುವರಿಯ ಲೆಕ್ಕ ಇಡುತ್ತಾರೆ. ಬಿತ್ತನೆಯಿಂದ ಒಕ್ಕಣೆಯವರೆಗೆ ಹೊಲದಲ್ಲಿಯೇ ಇರುವ ಹಕ್ಕಿಗಳ ಲೆಕ್ಕ ಇಡುವವರು ಮಾತ್ರ ವಿರಳ. ಹಕ್ಕಿ ಎಂದೊಡನೆ ತೆನೆ ತಿನ್ನುವ ಗಿಳಿ, ಮೊಳಕೆ ಕೀಳುವ ನವಿಲು ನೆನಪಿಗೆ ಬರುವುದು ಸಹಜ. ಆದರೆ ನೇಗಿಲ ಹಿಂದೆ ಹುಳು ಹೆಕ್ಕುವ ಬೆಳ್ಳಕ್ಕಿ, ಕೀಡೆ ಹಿಡಿಯುವ ಕಾಜಾಣ, ರಾತ್ರಿ ಇಲಿ ಬೇಟೆಯಾಡುವ ಗೂಬೆ ಸಹ ಅದೇ ಹೊಲದಲ್ಲಿವೆ. ಇವುಗಳಲ್ಲಿ ಯಾವುದು ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಎಂಬುದನ್ನು ಎಣಿಸದೆ ತಿಳಿಯುವುದು ಸಾಧ್ಯವಿಲ್ಲ.

ಎಣಿಕೆ ಹೇಗೆ ಆರಂಭವಾಯಿತು?

ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಹಕ್ಕಿಗಳನ್ನು ಬೇಟೆಯಾಡುವ ವಾಡಿಕೆ ಇತ್ತು. ಕೊಲ್ಲುವ ಬದಲು ಎಣಿಸೋಣ ಎಂದು ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ಕರೆಕೊಟ್ಟರು. 1900ರ ಡಿಸೆಂಬರ್ 25ರಂದು 27 ಮಂದಿ ಈ ಎಣಿಕೆ ನಡೆಸಿದರು. ಅದು ಇಂದಿಗೂ ಪ್ರತಿ ವರ್ಷ ನಡೆಯುತ್ತಿದೆ. 1998ರಲ್ಲಿ ಅಲ್ಲಿಯೇ ‘ಹಿತ್ತಿಲ ಹಕ್ಕಿ ಎಣಿಕೆ’ ಎಂಬ ಇನ್ನೊಂದು ಕಾರ್ಯಕ್ರಮ ಆರಂಭವಾಯಿತು. 2013ರಿಂದ ಭಾರತವೂ ಇದರಲ್ಲಿ ಸೇರಿದೆ. ಫೆಬ್ರುವರಿ ತಿಂಗಳ ಮಧ್ಯದಲ್ಲಿ, ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಇದು ನಡೆಯುತ್ತದೆ. ಇದಕ್ಕೆ ಶುಲ್ಕವಿಲ್ಲ, ಪದವಿಯೂ ಬೇಕಿಲ್ಲ. ತನಗೆ ಗೊತ್ತಿರುವ ಹಕ್ಕಿಯನ್ನು ಸರಿಯಾಗಿ ಗುರುತಿಸಬಲ್ಲ ಯಾರಾದರೂ ಪಾಲ್ಗೊಳ್ಳಬಹುದು.

ಇದರಿಂದ ತಿಳಿದು ಬಂದದ್ದೇನು?

ಇಂತಹ ಜನಸಾಮಾನ್ಯರ ಪಟ್ಟಿಗಳನ್ನು ಕೂಡಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯನ್ನು ಹೊರತರಲಾಯಿತು. ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳು ಅದಕ್ಕೆ ಆಧಾರ. ಅದರಲ್ಲಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ಸಂರಕ್ಷಣೆ ತೀರಾ ಅಗತ್ಯವೆಂದು ಹೇಳಲಾಗಿದೆ.

ರೈತರು ಗಮನಿಸಬೇಕಾದ ಎರಡು ಅಂಶಗಳು ಇದರಲ್ಲಿವೆ. ಮೊದಲನೆಯದು, ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆ. ತಂತಿಯ ಮೇಲೆ ಕುಳಿತು ಮಿಡತೆ, ದುಂಬಿಗಳಿಗಾಗಿ ಹೊಂಚು ಹಾಕುವ ಈ ಹಕ್ಕಿ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಬದುವಿನ ಹಳೆಯ ಮರ ಕಡಿದರೆ ಅದಕ್ಕೆ ನೆಲೆ ತಪ್ಪುತ್ತದೆ. ಎರಡನೆಯದು, ನವಿಲಿನ ಸಂಖ್ಯೆ ಏರುತ್ತಿದೆ. ರೈತರು ಬಹುಕಾಲದಿಂದ ಹೇಳುತ್ತಾ ಬಂದ ಮಾತನ್ನೇ ಎಣಿಕೆಯೂ ಹೇಳಿದೆ.

ರೈತರ ಪಟ್ಟಿ ಏಕೆ ಬೇಕು?

ಹಕ್ಕಿ ನೋಡುವ ಹವ್ಯಾಸಿಗಳು ಹೆಚ್ಚಾಗಿ ಕೆರೆ, ಕಾಡು, ಪಟ್ಟಣದ ಉದ್ಯಾನಗಳಿಗೆ ಹೋಗುತ್ತಾರೆ. ಖುಷ್ಕಿ ಹೊಲಕ್ಕೆ, ಅಡಿಕೆ ತೋಟಕ್ಕೆ, ಎರೆಭೂಮಿಗೆ ಹೋಗುವವರು ಕಡಿಮೆ. ಹೀಗಾಗಿ ಬೇಸಾಯದ ನೆಲದ ಹಕ್ಕಿಗಳ ವಿಷಯ ಅರೆಬರೆಯಾಗಿ ಉಳಿಯುತ್ತದೆ. ಆ ಕೊರತೆಯನ್ನು ತುಂಬಬಲ್ಲವರು ದಿನವೂ ಹೊಲದಲ್ಲಿರುವ ನೀವು.

ನಿಮಗೂ ಇದರಿಂದ ಪ್ರಯೋಜನವಿದೆ. “ನವಿಲಿನ ಹಾವಳಿ ಹೆಚ್ಚಾಗಿದೆ” ಎಂದು ಬಾಯಿಮಾತಿನಲ್ಲಿ ಹೇಳುವುದು ಬೇರೆ; ಐದು ವರ್ಷಗಳ ದಿನಾಂಕ, ಬೆಳೆ, ಸಂಖ್ಯೆ ಸಹಿತ ಪಟ್ಟಿ ತೋರಿಸಿ ಹೇಳುವುದು ಬೇರೆ. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪರಿಹಾರ ಕೇಳುವಾಗ ಲಿಖಿತ ಲೆಕ್ಕವೇ ರೈತನ ಬಲ.

ಎಣಿಸುವ ವಿಧಾನ

1. ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿರಿ. ಆಗ ಹಕ್ಕಿಗಳ ಓಡಾಟ ಹೆಚ್ಚು.

2. ಒಂದೇ ಸ್ಥಳದಲ್ಲಿ ನಿಂತು ಅಥವಾ ಬದುವಿನ ಮೇಲೆ ನಿಧಾನವಾಗಿ ನಡೆಯುತ್ತಾ ಕನಿಷ್ಠ 15 ನಿಮಿಷ ನೋಡಿರಿ.

3. ಸ್ಥಳ, ದಿನಾಂಕ, ಆರಂಭಿಸಿದ ವೇಳೆ, ತೆಗೆದುಕೊಂಡ ಸಮಯ ಬರೆಯಿರಿ. ಹೊಲದಲ್ಲಿರುವ ಬೆಳೆಯನ್ನೂ ನಿಮ್ಮ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿರಿ.

4. ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆಯಿರಿ. ಕಾಗೆ, ಗುಬ್ಬಚ್ಚಿ ಎಂದು ಬಿಡಬಾರದು. ಇಂದಿನ ಸಾಮಾನ್ಯ ಹಕ್ಕಿ ನಾಳೆ ಅಪರೂಪವಾಗಬಹುದು.

5. ಒಂದೇ ಹಕ್ಕಿ ಹಾರಿ ಬಂದು ಮತ್ತೆ ಕುಳಿತರೆ ಎರಡು ಎಂದು ಎಣಿಸಬೇಡಿರಿ. ದೊಡ್ಡ ಹಿಂಡಾದರೆ ಹತ್ತರಷ್ಟನ್ನು ಎಣಿಸಿ, ಅಂಥ ಎಷ್ಟು ಗುಂಪುಗಳಿವೆ ಎಂದು ಅಂದಾಜು ಮಾಡಿರಿ.

6. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿರಿ. ತಪ್ಪು ಹೆಸರಿಗಿಂತ ಬಿಟ್ಟ ಹೆಸರು ಮೇಲು.

ಪಟ್ಟಿಯನ್ನು ‘ಇ-ಬರ್ಡ್’ ಎಂಬ ಉಚಿತ ತಾಣಕ್ಕೆ ಮೊಬೈಲ್ ಫೋನಿನಿಂದ ಸೇರಿಸಬಹುದು. ಶಾಲೆಗೆ ಹೋಗುವ ಮಕ್ಕಳ ನೆರವು ಪಡೆಯಿರಿ. ಹಕ್ಕಿಯ ಊರಿನ ಹೆಸರು ನಿಮಗೆ ಗೊತ್ತು. ಪುಸ್ತಕದ ಹೆಸರನ್ನು ಅವರು ಹುಡುಕಿಕೊಡುತ್ತಾರೆ.

ಒಂದು ವರ್ಷಕ್ಕೆ ನಿಲ್ಲಿಸಬೇಡಿರಿ

ಒಂದು ದಿನದ ಮಳೆ ನೋಡಿ ಊರಿನ ಮಳೆಗಾಲವನ್ನು ಅಳೆಯಲಾಗದು. ಹಕ್ಕಿ ಎಣಿಕೆಯೂ ಹಾಗೆಯೇ. ಅದೇ ಬದು, ಅದೇ ಹೊತ್ತು, ಅಷ್ಟೇ ಸಮಯ ಎಂಬ ನಿಯಮದಲ್ಲಿ ವರ್ಷವರ್ಷವೂ ಎಣಿಸಿದರೆ ಮಾತ್ರ ಏರಿಳಿತ ತಿಳಿಯುತ್ತದೆ. ಹಿಂದೆ ಕಾಣುತ್ತಿದ್ದ ಹಕ್ಕಿ ಈ ಸಲ ಕಾಣಲಿಲ್ಲವೆಂದರೆ ಅದೂ ಒಂದು ಮಾಹಿತಿಯೇ.

ಊರ ಜನರು ಮನಸ್ಸು ಮಾಡಿದರೆ ಹಕ್ಕಿಗಳಿಗೆ ನೆಲೆ ಉಳಿಯುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಾಕ್ಷಿ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲಿಯೇ ಮರಿಮಾಡುತ್ತವೆ. ಅವುಗಳ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಬಳಸಿದ್ದಾರೆ.

ಎಣಿಕೆಯ ಜೊತೆಗೆ ನಿಮ್ಮ ಹೊಲದಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಬದುವಿನ ಹಳೆಯ ಮರಗಳನ್ನು ಉಳಿಸಿರಿ. ಕಡಲೆ, ತೊಗರಿ ಹೊಲದಲ್ಲಿ ಕೀಡೆ ತಿನ್ನುವ ಹಕ್ಕಿಗಳು ಕೂರಲು ಕವಲು ಕೋಲುಗಳನ್ನು ನೆಡಿರಿ. ಕೀಟದ ಪ್ರಮಾಣ ನೋಡದೆ ವಿಷ ಸಿಂಪಡಿಸಬೇಡಿರಿ. ಇವುಗಳ ಪರಿಣಾಮ ಏನಾಯಿತೆಂಬುದನ್ನು ಮುಂದಿನ ಫೆಬ್ರುವರಿಗಳ ಪಟ್ಟಿಗಳನ್ನು ಹೋಲಿಸಿ ನೀವೇ ತಿಳಿಯಬಹುದು.