ಕೈಗವಸು: ಲಿಂಬೆ ತೋಟ ಕಲಿಸಿದ ಎಂಟು ಪಾಠಗಳು

ನಿಡಗುಂದಿ ಸೀಮೆಯಲ್ಲಿ ನನ್ನದೊಂದು ಸಣ್ಣ ತೋಟ. ಲಿಂಬೆ ಗಿಡಗಳು, ನಾಲ್ಕು ಸಾಲು ದಾಳಿಂಬೆ, ಮನೆ ಮುಂದೆ ಗುಲಾಬಿ. ಮೂರೂ ಮುಳ್ಳಿನವೇ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಹಣ್ಣಿನ ಬಗ್ಗೆ ಬಹಳ ಮಾತು ಕೇಳಿದೆ. ಆ ಹಣ್ಣು ಬಿಡಿಸುವ ಕೈಗಳ ಬಗ್ಗೆಯೂ ಮಾತಾಡಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

1. ಅಂಗಡಿಗೆ ಹೋಗುವ ಮೊದಲು ಕೆಲಸ ನೋಡಿಕೊಳ್ಳಿ.
ಮೊದಲ ಸಲ ನಾನು ತಂದದ್ದು ರಬ್ಬರ್ ಚುಕ್ಕೆಗಳಿದ್ದ ಒಂದೇ ಜೊತೆ ನೂಲಿನ ಗವಸು. ಲಿಂಬೆ ಮುಳ್ಳು ಅದನ್ನು ದಾಟಿ ನೇರ ಬೆರಳಿಗೆ ನಾಟಿತು. ಔಷಧಿ ಹೊಡೆದ ದಿನ ಅದೇ ಗವಸು ನೆನೆದು ಅಂಗೈ ಉರಿಯಿತು. ಮುಳ್ಳು, ಹಸಿ, ವಿಷ ಮೂರಕ್ಕೂ ಆಗುವ ಒಂದೇ ಗವಸು ನನಗೆ ಇನ್ನೂ ಸಿಕ್ಕಿಲ್ಲ.

2. ಮುಳ್ಳಿಗೆ ಚರ್ಮದ್ದೇ ಬೇಕು, ಅದೂ ಉದ್ದನೆಯದು.
ಲಿಂಬೆ, ದಾಳಿಂಬೆ ಸವರುವಾಗ ವೆಲ್ಡಿಂಗ್ ಮಾಡುವವರು ಹಾಕುವಂಥ, ಮೊಣಕೈ ಹತ್ತಿರ ಬರುವ ಚರ್ಮದ ಗವಸು ಹಾಕುತ್ತೇನೆ. ಕೆಲವು ಗವಸಿನ ಮೇಲೆ ಇಎನ್ 388 ಎಂಬ ಪರೀಕ್ಷಾ ಮಾನದಂಡದ ಹೆಸರು ಬರೆದು ಕೆಳಗೆ ಅಂಕಿಗಳನ್ನು ಕೊಟ್ಟಿರುತ್ತಾರೆ. ನಾಲ್ಕನೆಯ ಅಂಕಿ ಚುಚ್ಚುವಿಕೆಯದು, 1ರಿಂದ 4ರವರೆಗೆ. ಅದನ್ನೊಂದೇ ನಂಬಬೇಡಿ. ಆ ಪರೀಕ್ಷೆಯಲ್ಲಿ ಒತ್ತುವ ಉಕ್ಕಿನ ಕಡ್ಡಿ ಸುಮಾರು 4.5 ಮಿ.ಮೀ. ದಪ್ಪ, ಲಿಂಬೆ ಮುಳ್ಳಿನ ತುದಿಯೋ ಸೂಜಿ. ಚರ್ಮ ಹಾಕಿದರೂ ಕೊಂಬೆಯನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿಯಬಾರದು. ಮುಳ್ಳು ಆಳಕ್ಕೆ ಹೋದರೆ ಧನುರ್ವಾಯು ಚುಚ್ಚುಮದ್ದಿನ ವಿಷಯ ವೈದ್ಯರನ್ನು ಕೇಳಿ.

3. ಕಾಂಗ್ರೆಸ್ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ.
1950ರ ದಶಕದಲ್ಲಿ ಪುಣೆ ಕಡೆ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ನಮ್ಮ ಪ್ರತಿ ಬದುವಿನಲ್ಲೂ ಇದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ಅಂಶ ಹಲವರ ಚರ್ಮಕ್ಕೆ ಆಗದು. ತುರಿಕೆ ಒಮ್ಮೆ ಹತ್ತಿತೆಂದರೆ ಮತ್ತೆ ಮತ್ತೆ ಮರುಕಳಿಸಬಹುದು. ಇದಕ್ಕೆ ದಪ್ಪ ಚರ್ಮ ಬೇಡ. ಅಂಗೈಗೆ ನೈಟ್ರೈಲ್ (ಕೃತಕ ರಬ್ಬರ್) ಲೇಪನವಿರುವ ತೆಳು ಹೆಣಿಗೆಯ ಗವಸು, ಮೇಲೆ ತುಂಬುತೋಳಿನ ಅಂಗಿ ಸಾಕು. ಹೂ ಬಿಡುವ ಮುಂಚೆಯೇ, ಮಳೆ ಬಿದ್ದು ನೆಲ ಮೆತ್ತಗಿದ್ದಾಗ ಬೇರುಸಹಿತ ಕಿತ್ತುಹಾಕಿ.

4. ಔಷಧಿಗೆ ಅಸ್ತರಿಲ್ಲದ ನೈಟ್ರೈಲ್.
ನೂಲು, ಚರ್ಮ ಎರಡೂ ವಿಷ ಹೀರುತ್ತವೆ. ಹೀರಿದ್ದು ಮರುದಿನವೂ ಅಂಗೈಗೆ ತಾಗುತ್ತಲೇ ಇರುತ್ತದೆ. ಒಳಗೆ ಬಟ್ಟೆಯ ಅಸ್ತರಿಲ್ಲದ, 0.35 ಮಿ.ಮೀ.ಗಿಂತ ತೆಳುವಲ್ಲದ ನೈಟ್ರೈಲ್ ಗವಸು ತನ್ನಿ. ಡಬ್ಬಿಯ ಮೇಲಿನ ಸೂಚನೆಯನ್ನೂ ಓದಿ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಇನ್ನೂ ನೀರು ಬೆರೆಸದ ಔಷಧಿಯನ್ನು ಅಳೆಯುವಾಗ. ದ್ರಾಕ್ಷಿಯವರು ಅಕ್ಟೋಬರ್ ಚಾಟ್ನಿ (ಕಡ್ಡಿ ಕತ್ತರಿಸುವುದು) ಆದಮೇಲೆ ಕಣ್ಣು ಒಡೆಯಲೆಂದು ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಬರಿಗೈ ಸುಡುತ್ತದೆ. ಅದರ ಕೆಲಸದ ಹಿಂದೆ ಮುಂದೆ ಮದ್ಯ ಮುಟ್ಟಿದರೆ ಜೀವಕ್ಕೇ ಅಪಾಯ.

5. ಅಂಗಿಯ ತೋಳು ಒಳಗೋ ಹೊರಗೋ?
ಇದನ್ನು ನಾನು ತಡವಾಗಿ ಕಲಿತೆ. ನೆಲದ ಕಡೆ ಹೊಡೆಯುವಾಗ ಅಂಗಿಯ ತೋಳು ಗವಸಿನ ಮೇಲೆ ಬರಬೇಕು, ಹನಿ ಹೊರಗೇ ಜಾರುತ್ತದೆ. ತಲೆ ಮೇಲಿನ ದ್ರಾಕ್ಷಿ ಚಪ್ಪರಕ್ಕೋ ಎತ್ತರದ ಕೊಂಬೆಗೋ ಕೈಯೆತ್ತಿ ಹೊಡೆಯುವಾಗ ತೋಳು ಗವಸಿನೊಳಗೆ ಇರಬೇಕು, ಗವಸಿನ ಅಂಚನ್ನು ಹೊರಕ್ಕೆ ಮಡಚಬೇಕು. ಆಗ ಇಳಿದುಬರುವ ಹನಿ ಆ ಮಡಿಕೆಯಲ್ಲೇ ನಿಲ್ಲುತ್ತದೆ.

6. ತೊಳೆದು ತೆಗೆಯಿರಿ, ಜಾಡಿಸಿ ಹಾಕಿ.
ಔಷಧಿಯ ಗವಸನ್ನು ಕೈಯಲ್ಲಿರುವಾಗಲೇ ಸೋಪಿನಿಂದ ತೊಳೆದು ಆಮೇಲೆ ಬಿಚ್ಚಿ. ಪ್ರತಿ ಸಲ ಹಾಕುವ ಮೊದಲು ನೀರು ತುಂಬಿ ಹಿಂಡಿ ನೋಡಿ. ಒಂದು ಹನಿ ಸೋರಿದರೂ ಅದರ ಆಯುಷ್ಯ ಮುಗಿಯಿತು. ಚರ್ಮದ್ದನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೆಟೆಯುತ್ತದೆ. ಪಂಪಿನ ಕೋಣೆಯಲ್ಲಿ ತೂಗುಹಾಕಿದ್ದ ಗವಸಿನೊಳಗಿಂದ ಒಮ್ಮೆ ಚೇಳು ಬಿದ್ದಿತ್ತು. ಅಂದಿನಿಂದ ಜಾಡಿಸದೆ ನಾನು ಕೈ ತೂರಿಸಿಲ್ಲ.

7. ತಿರುಗುವ ಯಂತ್ರದ ಬಳಿ ಗವಸು ಬೇಡ.
ಮೇವು ಕತ್ತರಿಸುವ ಮಷೀನಿಗೆ ಕಣಿಕೆ ಕೊಡುವಾಗ ಗವಸಿನ ತುದಿ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಬರಿಗೈ, ದೂರ ಮತ್ತು ಎಚ್ಚರವೇ ರಕ್ಷಣೆ.

8. ಅಳತೆ ಯಾರ ಕೈಯದು ಎಂದು ಕೇಳಿ.
ಹೆಬ್ಬೆರಳು ಬಿಟ್ಟು, ಅಂಗೈಯ ಅಗಲವಾದ ಕಡೆ ಟೇಪು ಸುತ್ತಿ. ಏಳು ಇಂಚು ಬಂದರೆ 7ನೇ ನಂಬರು, ಒಂಬತ್ತು ಬಂದರೆ 9. ನಮ್ಮಲ್ಲಿ ಕಸ ತೆಗೆಯುವವರು, ಬಿದ್ದ ಲಿಂಬೆ ಆರಿಸುವವರು ಬಹುತೇಕ ಹೆಣ್ಣುಮಕ್ಕಳು. ನಾನು ಮಾತ್ರ ವರ್ಷಗಟ್ಟಲೆ ನನ್ನ ಅಳತೆಯ ಗವಸನ್ನೇ ತಂದು ಅವರಿಗೂ ಕೊಟ್ಟೆ. ಅವರು ಅದನ್ನು ಬದುವಿನ ಮೇಲಿಟ್ಟು ಬರಿಗೈಯಲ್ಲೇ ಕೆಲಸ ಮಾಡಿದರು. ಹೇಳಿದ್ದನ್ನು ಕೇಳುವುದಿಲ್ಲವೆಂದು ಬೇಸರಪಟ್ಟಿದ್ದೆ. ಒಂದು ದಿನ ಹಿರಿಯ ಹೆಣ್ಣುಮಗಳು ಹೇಳಿದಳು: "ಅಣ್ಣಾರ, ಇದು ಸಡ್ಲ ಆಗತೈತ್ರಿ, ಕುರ್ಪಿ ಹಿಡಿತ ಸಿಗವಲ್ದ್ರಿ."

ಮರುವಾರವೇ ಟೇಪು ಹಿಡಿದು ಎಲ್ಲರ ಕೈ ಅಳೆದೆ. 7ನೇ ನಂಬರಿನವು ಅಂಗಡಿಯಲ್ಲಿರಲಿಲ್ಲ, ಹೇಳಿ ತರಿಸಿದೆ. ಈಗ ಗವಸು ಬದುವಿನ ಮೇಲೆ ಉಳಿಯುವುದಿಲ್ಲ. ತೋಟಕ್ಕೆ ಗವಸು ತರುವವರೇ, ಮೊದಲ ಜೊತೆ ಅತಿ ಹೆಚ್ಚು ಹೊತ್ತು ಮಣ್ಣಿನಲ್ಲಿರುವ ಕೈಗೆ, ಅದರ ಅಳತೆಗೇ ತನ್ನಿ.