ಸರಿಸಲು ಚಕ್ರ, ಕೊಯ್ಯಲು ನೆಲ

ಮನೆಯ ಕಾರ್ ಶೆಡ್ಡಿನಲ್ಲೇ ಮರಗೆಲಸ ಶುರುಮಾಡಿದವರಿಗೆ ಮೊದಲ ತೊಡಕು ಜಾಗದ್ದು. ಹಗಲು ಯಂತ್ರ, ರಾತ್ರಿ ಕಾರು; ಎರಡಕ್ಕೂ ಅದೇ ನೆಲ. 14 ಇಂಚಿನ ಎರಕದ ಕಬ್ಬಿಣದ ಬ್ಯಾಂಡ್ ಸಾ ಸುಮಾರು 100 ಕೆ.ಜಿ. ತೂಗುತ್ತದೆ. ದಿನಾ ಎಳೆದಾಡಿದರೆ ಸೊಂಟವೂ ಉಳಿಯುವುದಿಲ್ಲ, ಟೈಲ್ಸೂ ಉಳಿಯುವುದಿಲ್ಲ.

ಚಕ್ರ ಕೊಳ್ಳುವ ಮುನ್ನ ಸಣ್ಣ ಲೆಕ್ಕ ಹಾಕಿ. ಯಂತ್ರ 120 ಕೆ.ಜಿ., ಅಡಿಯ ಚೌಕಟ್ಟು 15 ಎಂದಿಟ್ಟುಕೊಳ್ಳೋಣ. ಒಟ್ಟು 135. ಚಕ್ರ ನಾಲ್ಕಿದ್ದರೂ ಮೂರರಿಂದ ಭಾಗಿಸಿ. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ. ಒಂದು ಚಕ್ರ ನೆಲಕ್ಕೆ ತಾಗದಿದ್ದಾಗ ಉಳಿದ ಮೂರೇ ಭಾರ ಹೊರಬೇಕು. 45 ಬಂತಲ್ಲ, ಅಂಗಡಿಯಲ್ಲಿ 75 ಕೆ.ಜಿ. ತಾಳುವ ಚಕ್ರವನ್ನೇ ಕೇಳಿ.

ಎರಡು ಇಂಚಿನ ಚಕ್ರ ಅಗ್ಗ, ನಿಜ. ಆದರೆ ಬೆರಳುಗಾತ್ರದ ಒಂದು ಮರದ ಚಕ್ಕೆ ಅಡ್ಡ ಸಿಕ್ಕರೆ ಅದು ಗಕ್ಕನೆ ನಿಲ್ಲುತ್ತದೆ, ಮೇಲಿನ ಭಾರ ಮುಂದಕ್ಕೆ ವಾಲುತ್ತದೆ. ನಾಲ್ಕು ಇಂಚಿನದು ಅದೇ ಚಕ್ಕೆಯನ್ನು ಹತ್ತಿ ಇಳಿಯುತ್ತದೆ. ಪಾಲಿಯುರೆಥೇನ್ ಚಕ್ರ ನನಗೆ ಮೆಚ್ಚುಗೆ: ನೆಲಕ್ಕೆ ಗೀರು ಬೀಳದು. ಚಕ್ರಗಳನ್ನು ಯಂತ್ರದ ಅಡಿಗೆ ಹಾಕದೆ ಚೌಕಟ್ಟಿನ ಹೊರಬದಿಗೆ ಕೂರಿಸಿ. ಆಗ ಟೇಬಲ್ಲಿನ ಎತ್ತರ ಹೆಚ್ಚಾಗುವುದಿಲ್ಲ, ಬುಡವೂ ಅಗಲವಾಗುತ್ತದೆ.

ಈಗ ಮುಖ್ಯ ಮಾತು. ಮರ ಕೊಯ್ಯುವಾಗ ಯಂತ್ರ ಚಕ್ರದ ಮೇಲೆ ನಿಂತಿರಬಾರದು. ಬ್ರೇಕ್ ಹಾಕಿದ್ದೇನಲ್ಲ ಎನ್ನುತ್ತೀರಿ. ಸಾಮಾನ್ಯ ಬ್ರೇಕು ಉರುಳುವುದನ್ನು ತಡೆಯುತ್ತದೆಯೇ ಹೊರತು ತಿರುಗುವ ಚಕ್ರದ ಕತ್ತನ್ನು ತಡೆಯುವುದಿಲ್ಲ. ದಪ್ಪ ತೇಗದ ಹಲಗೆಯನ್ನು ಒತ್ತಿ ತಳ್ಳಿದಾಗ ಯಂತ್ರ ಕೂದಲೆಳೆಯಷ್ಟು ಜರುಗುತ್ತದೆ. ಬೆರಳು ಬ್ಲೇಡಿನ ಹತ್ತಿರವಿರುವಾಗ ಅಷ್ಟೂ ಸಲ್ಲದು. ಅದಕ್ಕೇ ಚೌಕಟ್ಟಿನ ನಾಲ್ಕೂ ಮೂಲೆಗೆ ಉದ್ದದ ಬೋಲ್ಟು ಹಾಕಿಸಿ. ಕೆಳಕ್ಕೆ ತಿರುಗಿಸಿದರೆ ಅವೇ ಕಾಲುಗಳಾಗಿ ಚಕ್ರ ನೆಲ ಬಿಡುತ್ತದೆ. ದಿನಾ ಸರಿಸುವವರು ಪೆಡಲ್ ತುಳಿದರೆ ಚಕ್ರ ಇಳಿಯುವಂಥದ್ದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಖರ್ಚು ಜಾಸ್ತಿ, ಆದರೆ ಪ್ರತಿ ಸಲ ಬಗ್ಗಿ ಸ್ಪ್ಯಾನರ್ ಹಿಡಿಯುವ ಕೆಲಸ ತಪ್ಪುತ್ತದೆ.

ಬ್ಯಾಂಡ್ ಸಾದ ಭಾರ ಮೇಲುಗಡೆ. ಮೇಲಿನ ಪೆಟ್ಟಿಗೆ ಹಿಡಿದು ತಳ್ಳಬೇಡಿ. ಟೇಬಲ್ಲಿಗಿಂತ ಕೆಳಗೆ ಕೈಯಿಟ್ಟು ನಿಧಾನವಾಗಿ ತಳ್ಳಿ. ಅದಕ್ಕೂ ಮೊದಲು ನೆಲ ಗುಡಿಸಿ, ಪ್ಲಗ್ ಕಿತ್ತು ವೈರನ್ನು ಸುತ್ತಿಡಿ.