ನಾಲ್ಕನೆಯ ಋಣ

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿದರು. ಸ್ವತಂತ್ರ ದೇಶದಲ್ಲಿ ಹುಟ್ಟಿದ ತರುಣ ತರುಣಿಯರು ಇವುಗಳೊಡನೆ ನಾಲ್ಕನೆಯದೊಂದನ್ನೂ ಸೇರಿಸಿಕೊಳ್ಳಬೇಕು. ಅದು ಯೋಧರ ಋಣ.

ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಸೇನಾ ಧ್ವಜದಿನವನ್ನು ಆಚರಿಸುತ್ತೇವೆ. ಅಂದು ಹಂಚುವ ಪುಟ್ಟ ಧ್ವಜದ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳು ಕ್ರಮವಾಗಿ ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೂಚಿಸುತ್ತವೆ. 1949ರಲ್ಲಿ ಆರಂಭವಾದ ಈ ದಿನದಂದು ಕೂಡಿದ ಹಣವು ಮಡಿದ ಯೋಧರ ಕುಟುಂಬಗಳಿಗೂ ಯುದ್ಧದಲ್ಲಿ ಅಂಗವಿಕಲರಾದವರಿಗೂ ಮಾಜಿ ಸೈನಿಕರಿಗೂ ನೆರವಾಗುತ್ತದೆ. ಆದರೆ ಡಬ್ಬಿಗೆ ನಾಣ್ಯವೊಂದನ್ನು ಹಾಕಿ, ಧ್ವಜವನ್ನು ಎದೆಗೆ ಚುಚ್ಚಿಕೊಂಡ ಮಾತ್ರಕ್ಕೆ ಋಣ ತೀರಿತೇ?

ಸೇನೆಗೆ ಕಸುವುಳ್ಳ ದೇಹಗಳು ಬೇಕು. ಆದುದರಿಂದ ಸಿಪಾಯಿಗಳಲ್ಲಿ ಅನೇಕರು ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತರಾಗುತ್ತಾರೆ. ಇತರರು ಉದ್ಯೋಗದಲ್ಲಿ ನೆಲೆಯೂರುವ ವಯಸ್ಸಿನಲ್ಲಿ ಇವರು ಹೊಸ ಉದ್ಯೋಗವನ್ನು ಅರಸಬೇಕು. ಮಕ್ಕಳ ಓದು, ಮನೆಯ ಹೊಣೆ ಎಲ್ಲವೂ ಎದುರಿಗೇ ಇರುತ್ತವೆ. ಹಿಮದ ಶಿಖರದಲ್ಲಿ ಗಡಿ ಕಾಯ್ದವರು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತಾಗ ಅವರತ್ತ ಕಣ್ಣೆತ್ತಿ ನೋಡುವವರು ಎಷ್ಟು ಮಂದಿ? ಯುದ್ಧಕಾಲದಲ್ಲಿ ಜಯಕಾರ ಮಾಡಿದ ಜನವೇ ಶಾಂತಿಕಾಲದಲ್ಲಿ ಅವರನ್ನು ಮರೆಯುವುದುಂಟು.

ಹೀಗೆ ಮರೆಯದೆ ಇದ್ದವರು ಕೊಡಗಿನ ಕೆ. ಎಂ. ಕಾರ್ಯಪ್ಪನವರು. 1949ರ ಜನವರಿ 15ರಂದು ನಮ್ಮ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಅವರು, 1953ರಲ್ಲಿ ನಿವೃತ್ತರಾದ ಮೇಲೂ ಮಾಜಿ ಸೈನಿಕರ ಹಿತಕ್ಕಾಗಿ ದುಡಿದರು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಮಗನಿಗೆ ವಿಶೇಷ ರಿಯಾಯಿತಿ ತೋರುವ ಸೂಚನೆ ಬಂದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಎಂದು ತಿಳಿಸಿ, ಕಾರ್ಯಪ್ಪನವರು ಅದನ್ನು ನಿರಾಕರಿಸಿದರು.

ಹಿರಿಯರೊಬ್ಬರು ಸೈನಿಕರೆಲ್ಲರನ್ನೂ ಮಕ್ಕಳೆಂದು ಬಗೆದರು. ಮಾಜಿ ಸೈನಿಕರೆಲ್ಲರನ್ನೂ ಮನೆಯ ಹಿರಿಯರೆಂದು ಬಗೆಯುವುದು ಕಿರಿಯರ ಧರ್ಮವಲ್ಲವೇ? ನಿಮ್ಮ ಊರಿನಲ್ಲಿಯೂ ಅಂಥವರು ಇರಬಹುದು. ಅವರ ಬಳಿ ಕುಳಿತು ಅನುಭವಗಳನ್ನು ಕೇಳಿರಿ. ಅವರು ಹೇಳಲೊಲ್ಲದ ನೋವುಗಳನ್ನು ಕೆದಕದಿರಿ. ಓದುಬರಹ ಬಾರದ ಯೋಧನ ಪತ್ನಿಗೆ ಪಿಂಚಣಿಯ ಅರ್ಜಿಯನ್ನು ಬರೆದುಕೊಡಿರಿ. ಯೋಧರು ಕಾಯ್ದ ನಾಡನ್ನು ಜಾತಿ ಮತಗಳ ಜಗಳದಿಂದ ಒಡೆಯದಿರಿ. ಕೃತಜ್ಞತೆಯೆಂಬುದು ಬರಿಯ ಮಾತಲ್ಲ, ನಡತೆ. ಋಷಿಋಣವು ಅಧ್ಯಯನದಿಂದ ತೀರುವಂತೆ ಯೋಧರ ಋಣವು ಸತ್ಪ್ರಜೆಯ ಬಾಳಿನಿಂದ ತೀರುತ್ತದೆ.